ಮೆಗ್ನೀಸಿಯಂ ಸಲ್ಫೇಟ್ ಅಲ್ಯೂಮಿನಿಯಂ ಕ್ಲೋರೈಡ್ ಆಗಿ ಕಂಡದ್ದು ಹೇಗೆ?

ಪ್ರಶ್ನೆ: ನಮ್ಮೂರು ಪಾಂಡವಪುರ ತಾಲ್ಲೂಕು, ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಲ್ಯಾಬ್‌ನಲ್ಲಿ ಕೊಟ್ಟ ಬಿಳಿ ಉಪ್ಪನ್ನು ಅಲ್ಯೂಮಿನಿಯಂ ಕ್ಲೋರೈಡ್ ಎಂದು ಬರೆದೆ. ಅದು ಮೆಗ್ನೀಸಿಯಂ ಸಲ್ಫೇಟ್ ಆಗಿತ್ತಂತೆ. ಹೊತ್ತು ಸಾಲದೆ ಒಣ ಪರೀಕ್ಷೆಗಳನ್ನು ಬಿಟ್ಟಿದ್ದೆ. ದ್ರಾವಣಕ್ಕೆ ನಲ್ಲಿಯ ಬೋರ್‌ವೆಲ್ ನೀರು ಹಾಕಿದ್ದೆ. ಸಿಲ್ವರ್ ನೈಟ್ರೇಟ್ ಹಾಕಿದೊಡನೆ ಬೆಳ್ಳಗಾಯಿತು. ಮೂರನೇ ಗುಂಪಿಗೆ ಬಂದಾಗ ಅಮೋನಿಯಂ ಕ್ಲೋರೈಡ್ ಖಾಲಿಯಾಗಿತ್ತು, ಬರೀ ಅಮೋನಿಯಂ ಹೈಡ್ರಾಕ್ಸೈಡ್ ಹಾಕಿದೆ, ಬಿಳಿ ಪ್ರಕ್ಷೇಪ (ಕರಗದ ಗಸಿ) ಬಂತು. ಕಂಡದ್ದನ್ನೇ ಬರೆದರೂ ಎರಡೂ ತಪ್ಪಾದದ್ದು ಹೇಗೆ? ಉಪ್ಪು ಅಂದರೆ ಆಮ್ಲವೂ ಅಲ್ಲ, ಪ್ರತ್ಯಾಮ್ಲವೂ ಅಲ್ಲ ಅನ್ನುತ್ತಾರೆ. ಹಾಗಿದ್ದರೆ ಅದರೊಳಗೆ ಆಸಿಡ್ ರಾಡಿಕಲ್, ಬೇಸಿಕ್ ರಾಡಿಕಲ್ ಎಲ್ಲಿಂದ ಬಂದವು? ಇನ್ನೊಂದು ಮಾತು: ಅಪ್ಪ ಭತ್ತದ ಗದ್ದೆಗೆ ಜಿಂಕ್ ಸಲ್ಫೇಟ್ ತಂದಿದ್ದಾರೆ. ಅದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಬೆರೆಸುತ್ತಾರೆ ಎಂದು ಊರಲ್ಲಿ ಮಾತಿದೆ. ಲ್ಯಾಬಿನ ಟೆಸ್ಟ್‌ಗಳಿಂದ ಅದನ್ನು ಕಂಡುಹಿಡಿಯಬಹುದೇ?

ಉತ್ತರ: ನಿಮ್ಮ ಕಣ್ಣಿಗೆ ಬಿದ್ದದ್ದು ಎರಡೂ ನಿಜ. ಪ್ರನಾಳದಲ್ಲಿ ಸಿಲ್ವರ್ ಕ್ಲೋರೈಡ್ ಇತ್ತು, ಆದರೆ ಅದರ ಕ್ಲೋರೈಡ್ ಬಂದದ್ದು ನೀರಿನಿಂದ. ಮೂರನೇ ಗುಂಪಿನಲ್ಲಿ, ಅಂದರೆ ಲೋಹಗಳನ್ನು ತಂಡತಂಡವಾಗಿ ಬೀಳಿಸಿ ಗುರುತಿಸುವ ಮೂರನೇ ಹಂತದಲ್ಲಿ, ಬಿದ್ದದ್ದೂ ನಿಜವಾದ ಹೈಡ್ರಾಕ್ಸೈಡೇ, ಆದರೆ ಅದು ಮೆಗ್ನೀಸಿಯಂನದು. ಅಮೋನಿಯಂ ಕ್ಲೋರೈಡ್ ಇದ್ದಿದ್ದರೆ ಅದು ಅಲ್ಲಿ ಬೀಳುತ್ತಲೇ ಇರಲಿಲ್ಲ. ಒಂದೇ ಉಪ್ಪಿನಲ್ಲಿ ಎರಡು ತಪ್ಪು ಹೀಗೆ ಜೊತೆಯಾಗಿ ಸಿಕ್ಕಿರುವುದರಿಂದ ಲವಣ ವಿಶ್ಲೇಷಣೆಯ ಒಳಗುಟ್ಟನ್ನು ಇದನ್ನೇ ಹಿಡಿದು ಬಿಡಿಸಿ ಹೇಳಬಹುದು.

ಮೊದಲು ಹೆಸರಿನ ವಿಚಾರ. ಆಮ್ಲ ರಾಡಿಕಲ್ ಎಂದರೆ ಹುಳಿಯಾದ ಭಾಗ ಎಂದಲ್ಲ, ಆಮ್ಲದ ಕಡೆಯಿಂದ ಬಂದ ಭಾಗ ಎಂದರ್ಥ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಮತ್ತು ಸಲ್ಫ್ಯೂರಿಕ್ ಆಮ್ಲ ಸೇರಿದರೆ ಮೆಗ್ನೀಸಿಯಂ ಸಲ್ಫೇಟ್ ಮತ್ತು ನೀರು ಆಗುತ್ತವೆ. ಸಲ್ಫೇಟ್ ಆಮ್ಲದ ಮನೆಯಿಂದ ಬಂದದ್ದು, ಹಾಗಾಗಿ ಆಮ್ಲ ರಾಡಿಕಲ್. ಮೆಗ್ನೀಸಿಯಂ ಪ್ರತ್ಯಾಮ್ಲದ ಮನೆಯಿಂದ ಬಂದದ್ದು, ಹಾಗಾಗಿ ಪ್ರತ್ಯಾಮ್ಲ ರಾಡಿಕಲ್. ಇವತ್ತಿನ ಲೆಕ್ಕದಲ್ಲಿ ಮೊದಲನೆಯದು ಋಣ ಅಯಾನು, ಎರಡನೆಯದು ಧನ ಅಯಾನು. ರಾಡಿಕಲ್ ಎಂಬ ಮಾತು 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಗೈಟನ್ ದ ಮೊರ್ವೊ, ಲವಾಸಿಯೆ ಮೊದಲಾದವರ ಬಳಕೆಯಿಂದ ಬಂತು. ‘ಬೇರು’ ಎಂಬುದು ಅದರ ಮೂಲಾರ್ಥ. ಈಗ ರಸಾಯನ ವಿಜ್ಞಾನದಲ್ಲಿ ರಾಡಿಕಲ್ ಎಂದರೆ ಜೋಡಿಯಾಗದ ಎಲೆಕ್ಟ್ರಾನ್ ಇರುವ ಕಣ, ಅದೇ ಬೇರೆ ವಿಷಯ. ಲ್ಯಾಬಿನ ಮಾತಿನಲ್ಲಿ ಹಳೆಯ ಹೆಸರು ಉಳಿದುಕೊಂಡಿದೆ, ಅಷ್ಟೆ.

ಉಪ್ಪು ಯಾವಾಗಲೂ ತಟಸ್ಥ ಎಂಬ ಮಾತೂ ಪೂರ್ತಿ ಸರಿಯಲ್ಲ. ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ನೀಲಿ ಲಿಟ್ಮಸ್ಸನ್ನು ಕೆಂಪಾಗಿಸುತ್ತದೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ದುರ್ಬಲ ಪ್ರತ್ಯಾಮ್ಲ, ಹೈಡ್ರೋಕ್ಲೋರಿಕ್ ಪ್ರಬಲ ಆಮ್ಲ. ಬಲವಾದವರ ಗುಣ ಮೇಲೆ ನಿಲ್ಲುತ್ತದೆ. ಸೋಡಿಯಂ ಕಾರ್ಬೋನೇಟ್ ಇದಕ್ಕೆ ತಿರುಗುಮುರುಗು, ಕೆಂಪು ಲಿಟ್ಮಸ್ ನೀಲಿಯಾಗುತ್ತದೆ. ಮೆಗ್ನೀಸಿಯಂ ಸಲ್ಫೇಟ್ ದ್ರಾವಣ ಹೆಚ್ಚುಕಡಿಮೆ ತಟಸ್ಥ. ಅಂದರೆ ನಿಮ್ಮ ದ್ರಾವಣದಲ್ಲಿ ಒಂದು ಲಿಟ್ಮಸ್ ಚೂರು ಅದ್ದಿದ್ದರೂ ಅಲ್ಯೂಮಿನಿಯಂ ಕ್ಲೋರೈಡ್ ಎಂಬ ಊಹೆ ಅಲ್ಲೇ ಅಲುಗಾಡುತ್ತಿತ್ತು. ಅದೂ ಅಲ್ಲದೆ ಅಲ್ಯೂಮಿನಿಯಂ ಕ್ಲೋರೈಡ್ ಗಾಳಿಯ ತೇವ ಹೀರಿ ಒದ್ದೆಯಾಗುವ ಉಪ್ಪು. ವಾಚ್ ಗ್ಲಾಸಿನ ಮೇಲೆ ಹರಳು ಒಣಗಿ ಕೂತಿದ್ದರೆ ಅದೂ ಒಂದು ಸುಳಿವು.

ಈಗ ಕ್ಲೋರೈಡ್ ಸಮಾಚಾರ. ಕಾಯಿಸಿದ ಪಾತ್ರೆಗೆ ಬಿಳಿ ಪೊರೆ ಕಟ್ಟುವಂಥ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೋನೇಟ್ ಧಾರಾಳವಾಗಿರುತ್ತವೆ, ಕ್ಲೋರೈಡ್, ಸಲ್ಫೇಟ್ ಕೂಡ ಇದ್ದೇ ಇರುತ್ತವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ತನಕ ಕ್ಲೋರೈಡ್ ಇರಬಹುದು ಎಂದು ಭಾರತೀಯ ಮಾನಕವೇ ಒಪ್ಪುತ್ತದೆ. ನಿಮ್ಮ ನೀರಿನಲ್ಲಿ ಬರೀ 35 ಮಿಲಿಗ್ರಾಂ ಇತ್ತೆಂದು ಇಟ್ಟುಕೊಳ್ಳಿ. ಅದು 0.001 ಮೋಲಾರ್ (ಲೀಟರಿಗೆ 0.001 ಮೋಲ್) ಕ್ಲೋರೈಡ್. 2 ಮಿ.ಲೀ. ದ್ರಾವಣಕ್ಕೆ 0.1 ಮೋಲಾರ್ ಸಿಲ್ವರ್ ನೈಟ್ರೇಟ್ ಒಂದು ಹನಿ, ಅಂದರೆ ಸುಮಾರು 0.05 ಮಿ.ಲೀ. ಹಾಕಿದರೆ ಬೆಳ್ಳಿಯ ಅಯಾನು 0.0025 ಮೋಲಾರ್ ಆಗುತ್ತದೆ. ಎರಡನ್ನೂ ಗುಣಿಸಿದರೆ 2.5 × 10⁻⁶. ಸಿಲ್ವರ್ ಕ್ಲೋರೈಡಿನ ದ್ರಾವ್ಯತಾ ಗುಣಲಬ್ಧ, ಅಂದರೆ ಈ ಗುಣಾಕಾರ ದಾಟಿದರೆ ಪ್ರಕ್ಷೇಪ ಬೀಳುವ ಮಿತಿ, 1.8 × 10⁻¹⁰. ಪ್ರಕ್ಷೇಪ ಬೀಳಲು ಬೇಕಾದದ್ದಕ್ಕಿಂತ ಹೆಚ್ಚುಕಡಿಮೆ 14,000 ಪಟ್ಟು ಹೆಚ್ಚು! ಉಪ್ಪನ್ನೇ ಹಾಕದೆ ಬರೀ ಆ ನೀರಿಗೆ ಸಿಲ್ವರ್ ನೈಟ್ರೇಟ್ ಬಿಟ್ಟಿದ್ದರೂ ಬೆಳ್ಳಗಾಗುತ್ತಿತ್ತು. ಮೈಸೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಗಡಸಲ್ಲದಿದ್ದರೂ ಈ ಪರೀಕ್ಷೆಗೆ ಆಗದು.

ಆದ್ದರಿಂದ ದ್ರಾವಣಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ. ಪ್ರನಾಳವನ್ನು ನಲ್ಲಿ ನೀರಲ್ಲಿ ತೊಳೆದಿದ್ದರೆ ಕೊನೆಯಲ್ಲಿ ಎರಡು ಸಲ ಡಿಸ್ಟಿಲ್ಡ್ ವಾಟರಿನಲ್ಲಿ ಅಲುಬಿ. ಬೆರಳಿನಿಂದ ಬಾಯಿ ಮುಚ್ಚಿ ಕುಲುಕಬೇಡಿ. ಬೆವರಿನ ಉಪ್ಪೇ ಮಂಜು ಕವಿಸಲು ಸಾಕು. ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದಲ್ಲಿ ಇನ್ನೊಂದು ಪ್ರನಾಳ ಇಟ್ಟುಕೊಳ್ಳಿ. ಅದರಲ್ಲಿ ಉಪ್ಪು ಬಿಟ್ಟು ಮಿಕ್ಕೆಲ್ಲ ಇರಲಿ: ಅದೇ ನೀರು, ಅದೇ ನೈಟ್ರಿಕ್ ಆಮ್ಲ, ಅದೇ ಸಿಲ್ವರ್ ನೈಟ್ರೇಟ್, ಅಷ್ಟಷ್ಟೇ ಹನಿ. ಇದಕ್ಕೆ ಬ್ಲಾಂಕ್ ಅನ್ನುತ್ತಾರೆ. ಅದೂ ಬೆಳ್ಳಗಾದರೆ ತಪ್ಪು ಉಪ್ಪಿನದಲ್ಲ. ಒಂದು ನಿಮಿಷದ ಕೆಲಸ, ಆದರೂ ಇದನ್ನು ಮಾಡುವವರು ಬಲು ಕಡಿಮೆ.

ಪರೀಕ್ಷೆಯ ಕ್ರಮ ಹೀಗೆ. 1 ಮಿ.ಲೀ. ದ್ರಾವಣಕ್ಕೆ ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯ ಮಾಡಿ, ಲಿಟ್ಮಸ್ಸಿನಿಂದ ನೋಡಿಕೊಳ್ಳಿ, ಆಮೇಲೆ ಸಿಲ್ವರ್ ನೈಟ್ರೇಟ್ ಎರಡು ಮೂರು ಹನಿ. ಹೈಡ್ರೋಕ್ಲೋರಿಕ್ ಆಮ್ಲದಿಂದ ಆಮ್ಲೀಯ ಮಾಡಿದರೆ ಕ್ಲೋರೈಡನ್ನು ನೀವೇ ತಂದು ಸುರಿದ ಹಾಗೆ. ಆಮ್ಲವನ್ನೇ ಹಾಕದಿದ್ದರೆ ಕಾರ್ಬೋನೇಟ್ ಕೂಡ ಬೆಳ್ಳಿಯೊಡನೆ ಬಿಳಿ-ಹಳದಿ ಪ್ರಕ್ಷೇಪ ಕೊಡುತ್ತದೆ. ನಿಜವಾದ ಸಿಲ್ವರ್ ಕ್ಲೋರೈಡ್ ಕುಲುಕಿದಾಗ ಒಡೆದ ಹಾಲಿನಂತೆ ಗಟ್ಟಿಗಟ್ಟಿಯಾಗಿ ಕೂಡಿಕೊಳ್ಳುತ್ತದೆ, ಬಿಸಿಲಿಗಿಟ್ಟರೆ ನಿಧಾನವಾಗಿ ನೇರಳೆ-ಬೂದಿ ಬಣ್ಣಕ್ಕೆ ತಿರುಗುತ್ತದೆ, ಅಮೋನಿಯಂ ಹೈಡ್ರಾಕ್ಸೈಡಿನಲ್ಲಿ (ಅಂದರೆ ಅಮೋನಿಯಾದ ನೀರು ದ್ರಾವಣದಲ್ಲಿ) ಕರಗುತ್ತದೆ. ಬ್ರೋಮೈಡ್ ಆಗಿದ್ದರೆ ತೆಳು ಹಳದಿ, ಅಮೋನಿಯಾದಲ್ಲಿ ಅರೆಬರೆ ಕರಗುತ್ತದೆ. ಅಯೋಡೈಡ್ ಹಳದಿ, ಕರಗುವುದೇ ಇಲ್ಲ. ಅಮೋನಿಯಾದಲ್ಲಿ ಕರಗಿಸಿದ ಬೆಳ್ಳಿಯ ದ್ರಾವಣವನ್ನು ನಾಳೆ ನೋಡೋಣ ಎಂದು ಸ್ಟ್ಯಾಂಡಿನಲ್ಲಿ ಬಿಡಬಾರದು; ಹಳತಾದರೆ ಸಿಡಿಯುವ ವಸ್ತು ಹುಟ್ಟುತ್ತದೆ. ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯ ಮಾಡಿ ಅವತ್ತೇ ಚೆಲ್ಲಿ.

ನಿಮ್ಮ ಉಪ್ಪು ಸಲ್ಫೇಟ್ ಆದ್ದರಿಂದ ಇಲ್ಲಿ ಇನ್ನೊಂದು ಬಲೆಯೂ ಇದೆ. ಸಿಲ್ವರ್ ಸಲ್ಫೇಟ್ ಕೂಡ ಅಷ್ಟೊಂದು ಕರಗುವ ವಸ್ತುವಲ್ಲ, ಅದರ ದ್ರಾವ್ಯತಾ ಗುಣಲಬ್ಧ 1.4 × 10⁻⁵. ಹನಿ ಲೆಕ್ಕ ಬಿಟ್ಟು 1 ಮಿ.ಲೀ. ದ್ರಾವಣಕ್ಕೆ 1 ಮಿ.ಲೀ. ಸಿಲ್ವರ್ ನೈಟ್ರೇಟ್ ಸುರಿದರೆ ಬೆಳ್ಳಿ 0.05 ಮೋಲಾರ್ ಆಗುತ್ತದೆ, ಆಗ 0.006 ಮೋಲಾರ್ ಸಲ್ಫೇಟ್ ಇದ್ದರೂ ಪ್ರಕ್ಷೇಪ ಬೀಳಬಹುದು. ಅದೂ ಬಿಳಿ, ಅದೂ ಅಮೋನಿಯಾದಲ್ಲಿ ಕರಗುತ್ತದೆ. ಗುರುತು ಇಷ್ಟು: ಅದು ಕೂಡಲೇ ಮೊಸರುಗಟ್ಟದೆ ಸಣ್ಣ ಹರಳಾಗಿ ಕೂರುತ್ತದೆ, ಬಿಸಿ ಡಿಸ್ಟಿಲ್ಡ್ ವಾಟರ್ ಹೆಚ್ಚಾಗಿ ಹಾಕಿದರೆ ಕರಗಿಹೋಗುತ್ತದೆ. ಸಿಲ್ವರ್ ಕ್ಲೋರೈಡ್ ಬಿಸಿ ನೀರಿಗೆ ಜಗ್ಗುವುದಿಲ್ಲ.

ಒಣ ಪರೀಕ್ಷೆ ಬಿಟ್ಟದ್ದರಿಂದ ನಿಮಗೆ ಆದ ನಷ್ಟ ದೊಡ್ಡದು. ಅಲ್ಲಿ ಉಪ್ಪನ್ನು ನೀರಿಗೇ ಹಾಕುವುದಿಲ್ಲ, ಹಾಗಾಗಿ ನೀರಿನ ಮೋಸಕ್ಕೆ ಅಲ್ಲಿ ಜಾಗವಿಲ್ಲ. ಒಣಗಿದ ಪ್ರನಾಳದಲ್ಲಿ ಕಡಲೆಕಾಳಿನಷ್ಟು ಉಪ್ಪು ಹಾಕಿ ಕಾಯಿಸಿದ್ದರೆ ಮೇಲಿನ ತಂಪು ಭಾಗದಲ್ಲಿ ನೀರಿನ ಹನಿ ಕೂರುತ್ತಿತ್ತು, ಮೆಗ್ನೀಸಿಯಂ ಸಲ್ಫೇಟಿನ ಹರಳಿನಲ್ಲಿ ಏಳು ನೀರಿನ ಅಣುಗಳಿವೆ. ಚಿಟಿಕೆ ಉಪ್ಪಿಗೆ 1 ಮಿ.ಲೀ. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿದ್ದರೆ ನೊರೆ ಬರುತ್ತಿರಲಿಲ್ಲ, ಅಲ್ಲಿಗೆ ಕಾರ್ಬೋನೇಟ್, ಸಲ್ಫೈಡ್, ಸಲ್ಫೈಟ್, ನೈಟ್ರೈಟ್ ನಾಲ್ಕೂ ಪಟ್ಟಿಯಿಂದ ಹೊರಗೆ. ಬೇರೆ ಚಿಟಿಕೆ ಉಪ್ಪಿಗೆ ಪ್ರಬಲ ಸಲ್ಫ್ಯೂರಿಕ್ ಆಮ್ಲ ಐದಾರು ಹನಿ ಹಾಕಿ ಮೆಲ್ಲಗೆ ಬಿಸಿಮಾಡಿದ್ದರೆ ಕ್ಲೋರೈಡ್ ಇರುವ ಪಕ್ಷದಲ್ಲಿ ಕಟುವಾಸನೆಯ ಹೈಡ್ರೋಜನ್ ಕ್ಲೋರೈಡ್ ಏಳಬೇಕಿತ್ತು. ಅಮೋನಿಯಂ ಹೈಡ್ರಾಕ್ಸೈಡಿನಲ್ಲಿ ಅದ್ದಿದ ಗಾಜಿನ ಕಡ್ಡಿ ಹಿಡಿದರೆ ದಟ್ಟ ಬಿಳಿ ಹೊಗೆ. ನಿಮ್ಮ ಉಪ್ಪಿನಲ್ಲಿ ಏನೂ ಏಳುತ್ತಿರಲಿಲ್ಲ. ಕಂದು ಹೊಗೆ ಎದ್ದರೆ ಬ್ರೋಮೈಡೋ ನೈಟ್ರೇಟೋ ಎಂದು ನೋಡಬೇಕು. ತಾಮ್ರದ ಚೂರು ಹಾಕಿದಾಗ ಹೊಗೆ ಹೆಚ್ಚಿ ದ್ರಾವಣ ನೀಲಿಯಾದರೆ ನೈಟ್ರೇಟ್. ನೇರಳೆ ಹೊಗೆ ಅಯೋಡೈಡಿನದು, ವಿನೆಗರ್ ವಾಸನೆ ಅಸಿಟೇಟಿನದು. ಎರಡೂ ಆಮ್ಲಕ್ಕೆ ಸುಮ್ಮನಿರುವ ಉಪ್ಪು ಎಂದರೆ ಸಲ್ಫೇಟ್ ಅಥವಾ ಫಾಸ್ಫೇಟ್ ಎಂದು ಮೊದಲು ಅನುಮಾನಿಸಬೇಕು. ಅಂದಮೇಲೆ ಸಿಲ್ವರ್ ನೈಟ್ರೇಟ್ ಬಾಟಲಿ ಮುಟ್ಟುವ ಮೊದಲೇ ನಿಮಗೆ ಉತ್ತರ ಅರ್ಧ ಸಿಗುತ್ತಿತ್ತು.

ಕ್ಲೋರೈಡ್ ಹೌದೋ ಅಲ್ಲವೋ ಎಂದು ಗಟ್ಟಿ ಮಾಡಿಕೊಳ್ಳಲು ಕ್ರೋಮೈಲ್ ಕ್ಲೋರೈಡ್ ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ. ಅದನ್ನೂ ಒಣ ಉಪ್ಪಿನ ಮೇಲೆಯೇ ಮಾಡುತ್ತಾರೆ. ಒಂದು ಪಾಲು ಉಪ್ಪು, ಅದಕ್ಕಿಂತ ತುಸು ಹೆಚ್ಚು ಪೊಟ್ಯಾಸಿಯಂ ಡೈಕ್ರೋಮೇಟ್ ಪುಡಿ, ಪ್ರಬಲ ಸಲ್ಫ್ಯೂರಿಕ್ ಆಮ್ಲ. ಪ್ರನಾಳ ಒಣಗಿರಲೇಬೇಕು, ನೀರಿದ್ದರೆ ಕ್ರೋಮೈಲ್ ಕ್ಲೋರೈಡ್ ಒಡೆದುಹೋಗುತ್ತದೆ. ಕಿತ್ತಳೆ-ಕೆಂಪು ಆವಿಯನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಹಾಯಿಸಿದರೆ ಹಳದಿಯಾಗುತ್ತದೆ, ಅಸಿಟಿಕ್ ಆಮ್ಲ ಮತ್ತು ಲೆಡ್ ಅಸಿಟೇಟ್ ಸೇರಿಸಿದರೆ ಹಳದಿ ಪ್ರಕ್ಷೇಪ. ಪಾದರಸದ ಕ್ಲೋರೈಡುಗಳಲ್ಲಿ ಈ ಪರೀಕ್ಷೆ ಕೈಕೊಡುತ್ತದೆ. ಅದು ನಿಮ್ಮ ಪಠ್ಯದ ವ್ಯಾಪ್ತಿಗೆ ಬರುವುದಿಲ್ಲ. ಡೈಕ್ರೋಮೇಟ್ ವಿಷ, ಕೈಗೆ ತಾಗಿಸಿಕೊಳ್ಳಬೇಡಿ.

ಸಲ್ಫೇಟ್ ತೋರಿಸುವುದು ಸುಲಭ. 1 ಮಿ.ಲೀ. ದ್ರಾವಣಕ್ಕೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ನಾಲ್ಕೈದು ಹನಿ, ಆಮೇಲೆ ಬೇರಿಯಂ ಕ್ಲೋರೈಡ್. ಕೂಡಲೇ ಬೀಳುವ ಬಿಳಿ ಪುಡಿ ಕುದಿಸಿದರೂ ಕರಗಬಾರದು. ಆಮ್ಲ ಮೊದಲೇ ಯಾಕೆ ಅಂದರೆ ಬೇರಿಯಂ ಕಾರ್ಬೋನೇಟ್, ಫಾಸ್ಫೇಟ್ ಕೂಡ ಬಿಳಿಯೇ, ಆದರೆ ಅವು ಆಮ್ಲದಲ್ಲಿ ಕರಗುತ್ತವೆ. ಜಾಸ್ತಿ ಖಾತ್ರಿಗೆಂದು ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ಬೇರಿಯಂ ಕ್ಲೋರೈಡೇ ಬಿಳಿ ಹರಳಾಗಿ ಹೊರಬೀಳುತ್ತದೆ. ಅದನ್ನು ಕಂಡು ಸಲ್ಫೇಟ್ ಇಲ್ಲದ ಉಪ್ಪಿನಲ್ಲೂ ಸಲ್ಫೇಟ್ ಬರೆದವರಿದ್ದಾರೆ. ನೀರು ಹಾಕಿದರೆ ಆ ಹರಳು ಮಾಯವಾಗುತ್ತದೆ.

ಸೋಡಿಯಂ ಕಾರ್ಬೋನೇಟ್ ಕಷಾಯದ ಬಗ್ಗೆ ಒಂದು ಮಾತು. ಲ್ಯಾಬಿನಲ್ಲಿ ಎಕ್ಸ್‌ಟ್ರಾಕ್ಟ್ ಎನ್ನುವುದು ಇದನ್ನೇ. ಒಂದು ಪಾಲು ಉಪ್ಪಿಗೆ ಮೂರು ಪಾಲು ಸೋಡಿಯಂ ಕಾರ್ಬೋನೇಟ್, 15ರಿಂದ 20 ಮಿ.ಲೀ. ಡಿಸ್ಟಿಲ್ಡ್ ವಾಟರ್, ಹತ್ತು ನಿಮಿಷ ಕುದಿಸಿ ಸೋಸಬೇಕು. ಲೋಹಗಳು ಕಾರ್ಬೋನೇಟಾಗಿ ಕಾಗದದ ಮೇಲೆ ಉಳಿಯುತ್ತವೆ, ಆಮ್ಲ ರಾಡಿಕಲ್‌ಗಳು ಸೋಡಿಯಂ ಜೊತೆ ಕೆಳಗಿಳಿಯುತ್ತವೆ. ಬೇರಿಯಂ, ಸೀಸದಂಥ ಲೋಹಗಳು ಆಮ್ಲ ರಾಡಿಕಲ್ ಪರೀಕ್ಷೆಗೆ ಅಡ್ಡ ಬರದಿರಲಿ ಎಂಬುದಕ್ಕೆ ಈ ಉಪಾಯ. ಆದರೆ ಆ ದ್ರವದಲ್ಲಿ ಕಾರ್ಬೋನೇಟ್ ರಾಶಿ ಇರುತ್ತದೆ. ನೊರೆ ಪೂರ್ತಿ ನಿಲ್ಲುವ ತನಕ ಆಮ್ಲ ಹಾಕದೆ ಮುಂದಕ್ಕೆ ಹೋದರೆ ಬೆಳ್ಳಿಯೂ ಬೇರಿಯಂ ಕೂಡ ಬಿಳಿಯೇ ತೋರಿಸುತ್ತವೆ. ಈ ದ್ರವದಲ್ಲಿ ಕಾರ್ಬೋನೇಟ್ ಪರೀಕ್ಷೆಯನ್ನಂತೂ ಮಾಡಲೇಬಾರದು.

ಇನ್ನು ಪ್ರತ್ಯಾಮ್ಲ ರಾಡಿಕಲ್. ಧನ ಅಯಾನುಗಳನ್ನು ಗುಂಪು ಗುಂಪಾಗಿ ಬೇರ್ಪಡಿಸುವ ಪದ್ಧತಿಯನ್ನು ಜರ್ಮನಿಯ ಫ್ರೆಸೆನಿಯಸ್ 1841ರಲ್ಲಿ ಕ್ರಮವಾಗಿ ಜೋಡಿಸಿ ಕೊಟ್ಟರು. ನಾವು ಇಂದಿಗೂ ನಡೆಯುತ್ತಿರುವುದು ಹೆಚ್ಚುಕಡಿಮೆ ಅದೇ ದಾರಿಯಲ್ಲಿ. ವಿದ್ಯಾರ್ಥಿಗಳು ಗುಂಪುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ, ಹೆಚ್ಚಿನ ಗುಂಪುಗಳಲ್ಲಿ ಎರಡು ವಸ್ತು ಯಾಕೆ ಹಾಕುತ್ತೇವೆ ಎಂದು ಕೇಳುವುದಿಲ್ಲ. ಒಂದು ವಸ್ತು ಬೀಳಿಸುತ್ತದೆ, ಇನ್ನೊಂದು ಹತೋಟಿಯಲ್ಲಿಡುತ್ತದೆ. ನಿಮ್ಮ ಲ್ಯಾಬಿನಲ್ಲಿ ಖಾಲಿಯಾಗಿದ್ದದ್ದು ಆ ಹತೋಟಿಯ ಡಬ್ಬಿ.

ಲೆಕ್ಕ ಹಾಕಿ ನೋಡಿ. ದ್ರಾವಣದಲ್ಲಿ ಮೆಗ್ನೀಸಿಯಂ 0.01 ಮೋಲಾರ್ ಇದೆ, ಅಮೋನಿಯಾ 0.1 ಮೋಲಾರ್ ಆಗುವಷ್ಟು ಹಾಕಿದ್ದೀರಿ. ಅಮೋನಿಯಾದ ಅಯಾನೀಕರಣ ಸ್ಥಿರಾಂಕ 1.8 × 10⁻⁵ ಆದ್ದರಿಂದ ಹೈಡ್ರಾಕ್ಸೈಡ್ ಅಯಾನು ಸುಮಾರು 1.3 × 10⁻³ ಮೋಲಾರ್. ಅದರ ವರ್ಗವನ್ನು 0.01ರಿಂದ ಗುಣಿಸಿದರೆ 1.8 × 10⁻⁸. ಮೆಗ್ನೀಸಿಯಂ ಹೈಡ್ರಾಕ್ಸೈಡಿನ ದ್ರಾವ್ಯತಾ ಗುಣಲಬ್ಧ 1.8 × 10⁻¹¹. ಮಿತಿಗಿಂತ ಸಾವಿರ ಪಟ್ಟು ಮೇಲೆ! ಬೀಳದೆ ಏನು ಮಾಡುತ್ತದೆ? ಈಗ ಅದೇ ಪ್ರನಾಳದಲ್ಲಿ ಅಮೋನಿಯಂ ಕ್ಲೋರೈಡ್ 1 ಮೋಲಾರ್ ಇದೆಯೆಂದುಕೊಳ್ಳಿ. ಎರಡರಲ್ಲೂ ಇರುವ ಅಮೋನಿಯಂ ಅಯಾನು ಹೆಚ್ಚುವುದರಿಂದ (ಇದೇ ಸಮಾನ ಅಯಾನು ಪರಿಣಾಮ) ಅಮೋನಿಯಾದ ಅಯಾನೀಕರಣ ಕುಗ್ಗಿ ಹೈಡ್ರಾಕ್ಸೈಡ್ 1.8 × 10⁻⁶ ಮೋಲಾರಿಗೆ ಇಳಿಯುತ್ತದೆ. ಮೆಗ್ನೀಸಿಯಂ ಲೆಕ್ಕ ಈಗ 3.2 × 10⁻¹⁴, ಮಿತಿಗಿಂತ ಐನೂರು ಪಟ್ಟಿಗೂ ಕೆಳಗೆ. ಒಂದು ಕಣವೂ ಬೀಳದು. ಅಲ್ಯೂಮಿನಿಯಂ ಆಗಿದ್ದರೆ? 0.01ನ್ನು ಹೈಡ್ರಾಕ್ಸೈಡಿನ ಘನದಿಂದ ಗುಣಿಸಿದರೆ ಸುಮಾರು 6 × 10⁻²⁰. ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಮಿತಿ 1.3 × 10⁻³³. ಅಷ್ಟು ಕಡಿಮೆ ಹೈಡ್ರಾಕ್ಸೈಡಿನಲ್ಲೂ ಅದು ಪೂರ್ತಿ ಬಿದ್ದುಬಿಡುತ್ತದೆ. ಕಬ್ಬಿಣದ್ದು ಇನ್ನೂ ಕೆಳಗೆ, 1.0 × 10⁻³⁸. ಮೂರನೇ ಗುಂಪು ಎಂಬುದು ಈ ಕಿಂಡಿಯೇ. ಅಮೋನಿಯಂ ಕ್ಲೋರೈಡ್ ತೆಗೆದುಬಿಟ್ಟರೆ ಕಿಂಡಿ ಬಾಗಿಲಾಗುತ್ತದೆ, ಮೆಗ್ನೀಸಿಯಂ, ಜಿಂಕ್, ಮ್ಯಾಂಗನೀಸ್ ಎಲ್ಲ ಒಳಗೆ ಬರುತ್ತವೆ.

ಅಳತೆಯಲ್ಲಿ ಹೇಳುವುದಾದರೆ 2 ಮಿ.ಲೀ. ದ್ರಾವಣಕ್ಕೆ ಅರ್ಧ ಗ್ರಾಂ ಘನ ಅಮೋನಿಯಂ ಕ್ಲೋರೈಡ್, ಅಂದರೆ ಸಣ್ಣ ಸ್ಪ್ಯಾಚುಲಾದಲ್ಲಿ ಒಂದು ತುಂಬ. ಪೂರ್ತಿ ಕರಗಿಸಿ ಒಮ್ಮೆ ಕುದಿಸಿ, ತಣಿಸಿ, ಆಮೇಲೆ ಅಮೋನಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ, ಕುಲುಕುತ್ತಾ, ಅಮೋನಿಯಾ ವಾಸನೆ ಬರುವ ತನಕ ಹಾಕಿ. ವಾಸನೆ ಬಂದ ಮೇಲೂ ಸುರಿಯುತ್ತಾ ಹೋದರೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಸ್ವಲ್ಪ ಮತ್ತೆ ಕರಗಿ ತಪ್ಪಿಸಿಕೊಳ್ಳುತ್ತದೆ. ಅಮೋನಿಯಂ ಹೈಡ್ರಾಕ್ಸೈಡ್ ಬಾಟಲಿ ಮುಚ್ಚಳ ಸಡಿಲವಾಗಿ ಬಹಳ ದಿನ ಇದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದರಲ್ಲಿ ಅಮೋನಿಯಂ ಕಾರ್ಬೋನೇಟ್ ಹುಟ್ಟಿರುತ್ತದೆ. ಆಗ ಐದನೇ ಗುಂಪಿನ ಕ್ಯಾಲ್ಸಿಯಂ, ಸ್ಟ್ರಾಂಶಿಯಂ, ಬೇರಿಯಂ ಮೂರನೆಯದರಲ್ಲೇ ಬಿದ್ದು ತಲೆ ಕೆಡಿಸುತ್ತವೆ. ಬಾಟಲಿಯಿಂದ ಒಂದೆರಡು ಹನಿಯನ್ನು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹಾಕಿ ನೋಡಿ, ಮಂಜಾದರೆ ಹೊಸ ಬಾಟಲಿ ಕೇಳಿ.

ಮಿಕ್ಕ ಗುಂಪುಗಳಲ್ಲೂ ಇದೇ ಮಾತು, ಚುಟುಕಾಗಿ ಹೇಳುತ್ತೇನೆ. ಅಮೋನಿಯಂ ಇದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು, ಮೂಲ ಉಪ್ಪಿನಲ್ಲೇ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕಾಯಿಸಿ ನೋಡಬೇಕು; ಮುಂದೆ ಅಮೋನಿಯಂ ಲವಣಗಳನ್ನು ನಾವೇ ಹಾಕುವುದರಿಂದ ಆಮೇಲೆ ನೋಡಿ ಪ್ರಯೋಜನವಿಲ್ಲ. ಮೊದಲ ಗುಂಪಿನ ಲೆಡ್ ಕ್ಲೋರೈಡ್ ತಣ್ಣೀರಿನಲ್ಲೂ 100 ಮಿ.ಲೀ.ಗೆ ಸುಮಾರು 1 ಗ್ರಾಂ ಕರಗುತ್ತದೆ, ಬಿಸಿ ನೀರಿನಲ್ಲಿ 3 ಗ್ರಾಂ ದಾಟುತ್ತದೆ. ಹಾಗಾಗಿ ಸೀಸ ಅಲ್ಲಿ ಬೀಳದೆ ಎರಡನೇ ಗುಂಪಿನಲ್ಲಿ ಕಪ್ಪಗೆ ಕಾಣಿಸಿಕೊಂಡರೆ ಗಾಬರಿಯಾಗಬೇಡಿ. ಎರಡನೇ ಗುಂಪಿನಲ್ಲಿ ಬೀಳಿಸುವುದು ಹೈಡ್ರೋಜನ್ ಸಲ್ಫೈಡ್, ಹತೋಟಿಯ ಕೆಲಸ ಹೈಡ್ರೋಕ್ಲೋರಿಕ್ ಆಮ್ಲದ್ದು. ಅದು ಸಲ್ಫೈಡ್ ಅಯಾನನ್ನು ತೀರಾ ಕಡಿಮೆ ಇಡುವುದರಿಂದ 6.3 × 10⁻³⁶ ಗುಣಲಬ್ಧದ ಕಾಪರ್ ಸಲ್ಫೈಡ್ ಬೀಳುತ್ತದೆ, 2.5 × 10⁻¹³ರ ಮ್ಯಾಂಗನೀಸ್ ಸಲ್ಫೈಡ್ ಬೀಳುವುದಿಲ್ಲ. ಆಮ್ಲ ಕಡಿಮೆಯಾದರೆ ಮೊದಲು ನುಸುಳುವುದು ಜಿಂಕ್. ಹೈಡ್ರೋಜನ್ ಸಲ್ಫೈಡ್ ವಿಷಾನಿಲ, ಫ್ಯೂಮ್ ಕಪ್‌ಬೋರ್ಡ್ ಬಿಟ್ಟು ಹೊರಗೆ ಬೇಡ. ಮೂರನೆಯದಕ್ಕೆ ಹೋಗುವ ಮೊದಲು ಅದನ್ನು ಕುದಿಸಿ ಓಡಿಸಿ, ಲೆಡ್ ಅಸಿಟೇಟ್ ಕಾಗದ ಕಪ್ಪಾಗುವುದು ನಿಂತ ಮೇಲಷ್ಟೇ ನೈಟ್ರಿಕ್ ಆಮ್ಲ ಹಾಕಿ. ನೈಟ್ರಿಕ್ ಆಮ್ಲ ಫೆರಸ್ ಕಬ್ಬಿಣವನ್ನು (Fe²⁺) ಫೆರಿಕ್ (Fe³⁺) ಮಾಡುತ್ತದೆ. ಫೆರಸ್ ಹಾಗೇ ಉಳಿದರೆ ಈ ಕಿಂಡಿಯಲ್ಲಿ ಪೂರ್ತಿ ಬೀಳದೆ ನಾಲ್ಕನೇ ಗುಂಪಿಗೆ ಜಾರುತ್ತದೆ.

ಬಿಳಿ ಪ್ರಕ್ಷೇಪ ಬಿದ್ದ ಮೇಲೂ ನಿಮಗೆ ಒಂದು ಅವಕಾಶ ಇತ್ತು. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಸಬ್ಬಕ್ಕಿ ಗಂಜಿಯಂತೆ ಅರೆಪಾರದರ್ಶಕವಾಗಿ, ಅಂಟಂಟಾಗಿ ತೇಲುತ್ತದೆ. ಕಣ್ಣಂದಾಜು ಸಾಲದು ಅನಿಸಿದರೆ ಅದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ: ಅಲ್ಯೂಮಿನಿಯಂ ಆದರೆ ಕರಗುತ್ತದೆ, ಮೆಗ್ನೀಸಿಯಂ ಆದರೆ ಎಷ್ಟು ಹಾಕಿದರೂ ಹಾಗೇ ಕೂರುತ್ತದೆ. ಇನ್ನೂ ಖಚಿತ ಬೇಕಾದರೆ ಪ್ರಕ್ಷೇಪವನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ನೀಲಿ ಲಿಟ್ಮಸ್ ದ್ರಾವಣ ಎರಡು ಹನಿ ಹಾಕಿ, ಅಮೋನಿಯಂ ಹೈಡ್ರಾಕ್ಸೈಡನ್ನು ಪ್ರನಾಳದ ಗೋಡೆಯ ಮೇಲಿಂದ ಜಾರಿಸಿ. ಬಣ್ಣವಿಲ್ಲದ ದ್ರವದ ನಡುವೆ ನೀಲಿ ಮೋಡದ ತುಣುಕು ತೇಲಿದರೆ ಅಲ್ಯೂಮಿನಿಯಂ. ದ್ರವವೆಲ್ಲ ನೀಲಿಯಾದರೆ ಅದು ಲಿಟ್ಮಸ್ಸಿನ ಬಣ್ಣ ಅಷ್ಟೆ, ಲೆಕ್ಕಕ್ಕಿಲ್ಲ.

ಮೆಗ್ನೀಸಿಯಂ ತೋರಿಸಬೇಕಾದ ಜಾಗ ಆರನೇ ಗುಂಪು. ಮೊದಲ ಐದೂ ಗುಂಪು ಇಲ್ಲ ಎಂದಾದ ಮೇಲೆ 2 ಮಿ.ಲೀ. ದ್ರಾವಣಕ್ಕೆ ಅಮೋನಿಯಂ ಕ್ಲೋರೈಡ್, ವಾಸನೆ ಬರುವಷ್ಟು ಅಮೋನಿಯಂ ಹೈಡ್ರಾಕ್ಸೈಡ್, ಆಮೇಲೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 1 ಮಿ.ಲೀ. ಕೂಡಲೇ ಏನೂ ಕಾಣದಿದ್ದರೆ ಇಲ್ಲ ಎಂದು ಬರೆದುಬಿಡಬೇಡಿ. ಗಾಜಿನ ಕಡ್ಡಿಯಿಂದ ಪ್ರನಾಳದ ಒಳಗೋಡೆಯನ್ನು ಗೀರಿ, ಐದು ನಿಮಿಷ ಬಿಡಿ. ಗೀರಿದ ಗೆರೆಯ ಉದ್ದಕ್ಕೂ ಬಿಳಿ ಹರಳು ಹತ್ತುತ್ತದೆ, ಅದು ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟ್. ಇಲ್ಲೂ ಬೋರ್‌ವೆಲ್ ನೀರು ಬಳಸಿದರೆ ನೀರಿನ ಮೆಗ್ನೀಸಿಯಂ ಉತ್ತರ ಕೊಡುತ್ತದೆ, ಐದನೆಯದರಲ್ಲಿ ನೀರಿನ ಕ್ಯಾಲ್ಸಿಯಂ.

ಇನ್ನು ನಿಮ್ಮ ತಂದೆಯವರು ತಂದ ಜಿಂಕ್ ಸಲ್ಫೇಟ್. ಊರಿನವರ ಅನುಮಾನಕ್ಕೆ ಆಧಾರವಿದೆ. ಏಳು ನೀರಿನ ಜಿಂಕ್ ಸಲ್ಫೇಟ್ ಮತ್ತು ಏಳು ನೀರಿನ ಮೆಗ್ನೀಸಿಯಂ ಸಲ್ಫೇಟ್ ಹರಳುಗಳ ಆಕಾರ ಒಂದೇ, ಬಣ್ಣ ಒಂದೇ, ಮೆಗ್ನೀಸಿಯಂನದು ಅಗ್ಗ. ಆಮ್ಲ ರಾಡಿಕಲ್ ಎರಡರಲ್ಲೂ ಸಲ್ಫೇಟ್ ಆದ್ದರಿಂದ ಬೇರಿಯಂ ಕ್ಲೋರೈಡ್ ಇಲ್ಲಿ ಏನನ್ನೂ ಹೇಳದು. ಬೇರ್ಪಡಿಸಬೇಕಾದದ್ದು ಪ್ರತ್ಯಾಮ್ಲ ರಾಡಿಕಲ್ಲಿನಲ್ಲಿ. ಜಿಂಕ್ ಹೈಡ್ರಾಕ್ಸೈಡ್ ಹೆಚ್ಚಿನ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗುತ್ತದೆ, ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕರಗುವುದಿಲ್ಲ.

ಚೀಲದ ಮೇಲುಭಾಗದಿಂದ ಒಂದೇ ಹಿಡಿ ತೆಗೆಯಬೇಡಿ. ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ತೆಗೆದು ಬೆರೆಸಿ. ಅದರಲ್ಲಿ 1 ಗ್ರಾಂ ಅನ್ನು 5 ಮಿ.ಲೀ. ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಸೋಸಿ. ಈ ದ್ರಾವಣದಲ್ಲಿ 1 ಮಿ.ಲೀ. ಬೇರೆ ಪ್ರನಾಳಕ್ಕೆ ಹಾಕಿಕೊಂಡು 10 ಶೇಕಡ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಡಿ. ಮೊದಲ ಹತ್ತು ಹನ್ನೆರಡು ಹನಿಗೆ ಎರಡೂ ಲವಣಗಳು ಒಂದೇ ರೀತಿ ಬಿಳಿ ಪ್ರಕ್ಷೇಪ ಕೊಡುತ್ತವೆ. ಅಲ್ಲಿಗೇ ನಿಲ್ಲಿಸಿದವರು ಅಸಲಿ ಮಾಲನ್ನೂ ಕಲಬೆರಕೆ ಎಂದುಬಿಡುತ್ತಾರೆ. ಆ 1 ಮಿ.ಲೀ. ಒಳಗಿನ ಜಿಂಕ್ ಪೂರ್ತಿ ಕರಗಲು ಲೆಕ್ಕದ ಪ್ರಕಾರವೇ 1 ಮಿ.ಲೀ.ಗಿಂತ ಹೆಚ್ಚು ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಒಟ್ಟು 3 ಮಿ.ಲೀ. ಆಗುವ ತನಕ ಹಾಕಿ ಚೆನ್ನಾಗಿ ಕುಲುಕಿ. ದ್ರವ ತಿಳಿಯಾದರೆ ಜಿಂಕ್ ಸಲ್ಫೇಟ್. ಬಿಳಿ ಗಟ್ಟಿ ಹಾಗೇ ಉಳಿದು ತಳ ಹಿಡಿದರೆ ಮೆಗ್ನೀಸಿಯಂ ಇದೆ. ತುಸು ಕಂದು ಬಣ್ಣದ ಕಸರು ಕಂಡರೆ ಅದು ಕಬ್ಬಿಣ. ಉಳಿದ ಬಿಳಿಯನ್ನು ಸೋಸಿ, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಮೇಲೆ ಹೇಳಿದ ಫಾಸ್ಫೇಟ್ ಪರೀಕ್ಷೆ ಮಾಡಿದರೆ ಅನುಮಾನ ಉಳಿಯದು. ಸೋಡಿಯಂ ಹೈಡ್ರಾಕ್ಸೈಡ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ, ಹಾಗಾಗಿ ಮನೆಯ ಜಗಲಿಯಲ್ಲಿ ಬೇಡ, ಉಪನ್ಯಾಸಕರ ಅನುಮತಿ ಪಡೆದು ಲ್ಯಾಬಿನಲ್ಲೇ, ಕನ್ನಡಕ ಹಾಕಿಕೊಂಡು ಮಾಡಿ.

ಜಿಂಕ್ ಸಲ್ಫೇಟನ್ನು ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದ ಜೊತೆ ಒಂದೇ ನೀರಿನಲ್ಲಿ ಕದಡಬಾರದು ಎಂದು ರೈತರಿಗೆ ಹೇಳುವುದಕ್ಕೂ ಇದೇ ರಸಾಯನವೇ ಕಾರಣ: ಡಿಎಪಿಯ ಫಾಸ್ಫೇಟ್ ಜಿಂಕನ್ನು ಹಿಡಿದು ಕರಗದ ಜಿಂಕ್ ಫಾಸ್ಫೇಟ್ ಮಾಡುತ್ತದೆ, ಬಕೆಟ್ಟಿನ ತಳದಲ್ಲಿ ಬಿಳಿ ಗಸಿ ಕೂರುತ್ತದೆ, ಬೆಳೆಗೆ ಎರಡೂ ದಕ್ಕುವುದಿಲ್ಲ. ಚೌಳು ಗದ್ದೆಗೆ ಜಿಪ್ಸಂ ಹಾಕುವುದೂ ರಾಡಿಕಲ್‌ಗಳ ಅದಲುಬದಲೇ. ಜಿಪ್ಸಮ್ಮಿನ ಕ್ಯಾಲ್ಸಿಯಂ, ಮಣ್ಣಿನ ಕಾರ್ಬೋನೇಟಿನೊಡನೆ ಸೇರಿ ಅಲ್ಲೇ ನಿಲ್ಲುತ್ತದೆ; ಮಣ್ಣಿನ ಸೋಡಿಯಂ, ಜಿಪ್ಸಮ್ಮಿನ ಸಲ್ಫೇಟಿನೊಡನೆ ಸೇರಿ ನೀರಿನೊಡನೆ ಬಸಿದು ಹೋಗುತ್ತದೆ. ಬಸಿಗಾಲುವೆ ಇಲ್ಲದಿದ್ದರೆ ಜಿಪ್ಸಂ ಹಾಕಿಯೂ ಫಲ ಸಿಗದಿರುವುದು ಅದಕ್ಕೇ.

ಒಂದು ಮಿತಿ ನೆನಪಿರಲಿ. ಮೇಲಿನ ಪರೀಕ್ಷೆ ಏನಿದೆ ಎಂದು ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಏಳು ನೀರಿನ ಜಿಂಕ್ ಸಲ್ಫೇಟಿನಲ್ಲಿ ಕನಿಷ್ಠ 21 ಶೇಕಡ ಜಿಂಕ್ ಇರಬೇಕು, ಒಂದು ನೀರಿನದರಲ್ಲಿ 33 ಶೇಕಡ. ಪ್ರನಾಳದಲ್ಲಿ ಬಿಳಿ ಉಳಿದರೆ ಚೀಲವನ್ನೂ ಬಿಲ್ಲನ್ನೂ ಜೋಪಾನವಾಗಿಟ್ಟುಕೊಂಡು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಹೇಳಿ. ಕೃಷಿ ಇಲಾಖೆಯವರು ಕ್ರಮಬದ್ಧವಾಗಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರಷ್ಟೇ ಶೇಕಡಾವಾರು ತಿಳಿಯುತ್ತದೆ.